ಅಕ್ಕನಿಗೊಂದು ಗಂಡು

ಮೇ 5, ಸೋಮವಾರ

ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಡೈರಿ ಕೊಟ್ಟರು. ಕೆಲಸದ ಒತ್ತಡ ಇಳಿಸುವ ಶಿಬಿರವಂತೆ. ಒತ್ತಡ ಇದ್ದರೆ ತಾನೇ ಇಳಿಸುವುದು! ಟೈ ಕಟ್ಟಿಕೊಂಡ ಒಬ್ಬಾತ ಬಂದು, ದಿನವೂ ಮಲಗುವ ಮುಂಚೆ ಮೂರು ವಿಷಯಗಳಿಗೆ ಕೃತಜ್ಞತೆ ಬರೆಯಿರಿ, ಬದುಕಿಗೆ ಅರ್ಥ ತಾನಾಗಿ ಸಿಗುತ್ತದೆ ಎಂದ. ಪಕ್ಕದ ಕುರ್ಚಿಯ ಬೊನಿಫಾಸ್ ತನ್ನ ಡೈರಿಯನ್ನು ಹೆಂಡತಿಗೆ ಹಾಲಿನ ಲೆಕ್ಕ ಬರೆಯಲು ಕೊಡುವುದೆಂದು ಅಲ್ಲೇ ತೀರ್ಮಾನಿಸಿದ.

ನನ್ನ ಕೃತಜ್ಞತೆ: ಹೊಟ್ಟೆಗೆ ಉಂಟು. ಬೋಳಾರದಲ್ಲಿ ಒಂದು ಫ್ಲ್ಯಾಟು ಉಂಟು. ಮೂರನೆಯದು ಹೊಳೆಯಲಿಲ್ಲ, ನಿದ್ದೆ ಬಂತು.

ಮೇ 9, ಶುಕ್ರವಾರ

ಹಿಂದೆ ಪಣಂಬೂರು ಬಂದರಿಗೆ ಹಡಗು ಬಂದರೆ ಅದರ ಕಾಗದಗಳನ್ನು ನಾನೇ ಓದುತ್ತಿದ್ದೆ. ತಪ್ಪು ಹಿಡಿಯುತ್ತಿದ್ದೆ. ಕ್ಯಾಪ್ಟನ್‌ಗಳ ಜೊತೆ ಜಗಳ ಮಾಡಿ ಮನೆಗೆ ಬಂದು ಹೆಂಡತಿ ಮುಕ್ತಾಳಿಗೆ ಹೇಳಿಕೊಂಡು ನಗುತ್ತಿದ್ದೆ. ಈಗ ಕಂಪ್ಯೂಟರೇ ಓದುತ್ತದೆ, ಕಂಪ್ಯೂಟರೇ ಸರಿ ಎನ್ನುತ್ತದೆ. ಅದು ಸರಿ ಎಂದದ್ದು ಸರಿ ಎಂದು ನಾನು ಒಂದು ಗುಂಡಿ ಒತ್ತಬೇಕು. ಒತ್ತದಿದ್ದರೂ ಸ್ವಲ್ಪ ಹೊತ್ತು ಕಾದು ಅದು ತಾನೇ ಮುಂದೆ ಹೋಗುತ್ತದೆ. ಇದನ್ನು ಕಂಡುಹಿಡಿದದ್ದು ಬೊನಿಫಾಸ್. ಪರೀಕ್ಷೆ ಮಾಡಲೆಂದು ಇಡೀ ಮಧ್ಯಾಹ್ನ ನಾವಿಬ್ಬರೂ ಏನನ್ನೂ ಒತ್ತಲಿಲ್ಲ. ಒಂದು ಹಡಗೂ ನಿಲ್ಲಲಿಲ್ಲ.

"ಸಂಬಳ ಬರ್ತದಲ್ಲ ಮಾರಾಯ, ಮತ್ತೆಂತ ನಿಂಗೆ?" ಎಂದ ಅವನು. ಅವನಿಗೆ ಭಾನುವಾರ ಇಗರ್ಜಿ ಉಂಟು, ಗಾಯನ ಮಂಡಳಿ ಉಂಟು. ನನಗೆ ಭಾನುವಾರವೆಂದರೆ ಗುಂಡಿಯೂ ಇಲ್ಲದ ಸೋಮವಾರ.

ಮೇ 18, ಭಾನುವಾರ

ಬದುಕಿಗೆ ಅರ್ಥ ಹುಡುಕಲು ನಾನು ಪ್ರಯತ್ನ ಮಾಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಗೆಕೂಟಕ್ಕೆ ಸೇರಿದೆ. ಬೆಳಿಗ್ಗೆದ್ದು ಪಾರ್ಕಿನಲ್ಲಿ ಕೈ ಮೇಲೆತ್ತಿ ಹೋ ಹೋ ಎಂದು ನಕ್ಕು ದವಡೆ ನೋವು ತಂದುಕೊಂಡೆ. ಸೈಕಲ್ ಕೊಂಡೆ, ಅದರ ಮೇಲೆ ಈಗ ಟವೆಲ್ ಒಣಗುತ್ತಿದೆ. ಫೋನಿನಲ್ಲಿ ಗಡ್ಡದ ಸ್ವಾಮಿಯೊಬ್ಬರು 'ನಿನ್ನೊಳಗೆ ನೋಡು' ಎನ್ನುತ್ತಾರೆ. ನೋಡಿದೆ. ಒಳಗೂ ಒಬ್ಬ ಕುಳಿತು ಗುಂಡಿ ಒತ್ತುತ್ತಿದ್ದ.

ಮಗಳು ಶ್ರಾವಣಿಗೆ ನೋಡಿದ ಮೂರನೇ ಸಂಬಂಧವೂ ಹೋಯಿತು. ಹುಡುಗನ ಕಡೆಯವರು ಬಂದು ಮೂಡೆ, ಕೋಳಿ ಸುಕ್ಕ ತಿಂದು, ಹುಡುಗಿ ಚಿನ್ನದಂಥವಳು ಎಂದು ಹೊಗಳಿ ಹೋದರು. ಎರಡು ದಿನ ಬಿಟ್ಟು 'ಈಗ ಬೇಡ' ಎಂದು ಮೆಸೇಜು ಹಾಕಿದರು. ಮುಕ್ತಾ ಅತ್ತಳು. ಶ್ರಾವಣಿ ಎಂದಿನಂತೆ ಆಸ್ಪತ್ರೆಗೆ ಹೋದಳು. ಅವಳು ಅಲ್ಲಿ ಫಿಸಿಯೋಥೆರಪಿಸ್ಟ್. ಮಗಳ ಮುಖದಲ್ಲಿ ದುಃಖ ಇತ್ತೋ ಇಲ್ಲವೋ, ನಾನು ಸರಿಯಾಗಿ ನೋಡಲಿಲ್ಲ.

ಮೇ 26, ಸೋಮವಾರ

ಮುಕ್ತಾ ಜೋಯಿಸರಲ್ಲಿ ಪ್ರಶ್ನೆ ಇಡಿಸಿಕೊಂಡು ಬಂದಳು.

"ನಿಮ್ಮ ಕಡೆಯಲ್ಲಿ ಮದುವೆಯಾಗದೆ ಹೋದ ಒಂದು ಹೆಣ್ಣು ಕುಲೆ ಉಂಟಂತೆ. ಅದಕ್ಕೆ ಮದುವೆ ಆಗದೆ ಮನೆಯಲ್ಲಿ ಬೇರೆ ಹೆಣ್ಣಿಗೆ ಆಗುದಿಲ್ಲ ಹೇಳಿದ್ರು. ನಿಮಗೊಬ್ಬಳು ಅಕ್ಕ ಇದ್ದಳಲ್ಲ?"

ಇದ್ದಳಂತೆ. ನಾನು ಹುಟ್ಟುವ ಹಿಂದಿನ ವರ್ಷ, ಮೂರು ತುಂಬುವ ಮೊದಲೇ ಜ್ವರ ಬಂದು ಹೋದ ಮಗು. ಹೆಸರು ಸುಗಂಧಿ. ಒಂದು ಫೋಟೋ ಕೂಡ ಇಲ್ಲ. ಅಮ್ಮ ಇರುವಾಗ ವರ್ಷಕ್ಕೊಮ್ಮೆ ಸತ್ತವರಿಗೆ ಬಡಿಸುವ ದಿನ ಒಂದು ಸಣ್ಣ ಎಲೆ ಜಾಸ್ತಿ ಇಡುತ್ತಿದ್ದಳು, ಅಷ್ಟೇ ನನಗೆ ಗೊತ್ತಿರುವುದು.

ಕುಲೆ ಎಂದರೆ ಸತ್ತವರ ಆತ್ಮ. ನಮ್ಮವರ ಲೆಕ್ಕದಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ, ಅವರಿಗೂ ಮದುವೆಯ ಪ್ರಾಯ ಬರುತ್ತದೆ. ಜುಲೈ ಮಧ್ಯದಲ್ಲಿ ಶುರುವಾಗುವ ಆಟಿ ತಿಂಗಳಲ್ಲಿ ಬದುಕಿದವರಿಗೆ ಯಾವ ಶುಭಕಾರ್ಯವೂ ಇಲ್ಲ. ಆಗ ಕುಲೆಗಳಿಗೆ ಮದುವೆ. ಅದಕ್ಕೆ ನಮ್ಮ ಜಾತಿಯಲ್ಲೇ, ಹಾಗೆಯೇ ಮದುವೆಯಾಗದೆ ಸತ್ತ ಗಂಡು ಬೇಕು. ಹುಡುಕಬೇಕಾದವನು ಹೆಣ್ಣಿನ ತಮ್ಮ, ಅಂದರೆ ನಾನು.

ನಾನು ಇದನ್ನೆಲ್ಲ ನಂಬುವುದಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂಬ ಗಾದೆ ಜೋಯಿಸರನ್ನು ನೋಡಿಯೇ ಹುಟ್ಟಿರಬೇಕು. ಆದರೆ ಮುಕ್ತಾ ಅಳುತ್ತಾಳೆ. ಆಯಿತು ಎಂದೆ.

ಜೂನ್ 1, ಭಾನುವಾರ

ಬೊನಿಫಾಸ್ ಬಿದ್ದು ಬಿದ್ದು ನಕ್ಕ. "ಬದುಕಿದ ಗಂಡುಗಳೇ ಸಿಗುದಿಲ್ಲ ಮಾರಾಯ, ನೀನು ಸತ್ತವನನ್ನು ಎಲ್ಲಿಂದ ತರ್ತಿ? ಕೆಲಸ ಎಂತ ಕೇಳ್ಲಿಕ್ಕೆ ಉಂಟಾ, ಸ್ವಂತ ಮನೆ ಉಂಟಾ?" ನಗು ನಿಂತ ಮೇಲೆ, ತನ್ನ ಕಾಟಿಪಳ್ಳದ ನೆರೆಯಲ್ಲಿ ರಾಜೀವಿ ಎಂಬ ಮುದುಕಿ ಇದ್ದಾಳೆ, ಸತ್ತ ಮಗನಿಗೆ ಹೆಣ್ಣು ನೋಡುತ್ತ ಹಲವು ಆಟಿ ಕಳೆದಳು ಎಂದ.

ಮೂರು ದಿನ ಒಂದಾದ ಮೇಲೊಂದು ಕಡೆ ಫೋನ್ ಮಾಡಿದೆ. ಸುರತ್ಕಲ್‌ನ ಒಂದು ಗಂಡು, ಕುಡಿದು ಸತ್ತವನು. ಬೇಡ ಎಂದೆ. ಆಮೇಲೆ ನನಗೇ ನಗು ಬಂತು. ಬೇಡ ಎನ್ನಲು ನಾನು ಯಾರು?

ಜೂನ್ 8, ಭಾನುವಾರ

ಕಾಟಿಪಳ್ಳಕ್ಕೆ ಹೋಗಿದ್ದೆ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ರಾಜೀವಿ ಅಮ್ಮನಿಗೆ ಎಂಬತ್ತು ದಾಟಿರಬೇಕು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ನನ್ನನ್ನು ನಿಲ್ಲಿಸಿಯೇ ವಿಚಾರಣೆ.

"ಹುಡುಗಿ ಹೇಗೆ ಹೋದದ್ದು?"

"ಜ್ವರದಲ್ಲಿ."

"ಒಳ್ಳೇದು. ನೀರಿಗೆ ಬಿದ್ದದ್ದು, ಸುಟ್ಟದ್ದು ಆದರೆ ನಮಗೆ ಆಗುದಿಲ್ಲ. ನಿಮ್ಮ ಬರಿ ಯಾವುದು?"

ಬರಿ ಎಂದರೆ ಕುಲದ ಕವಲು. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆ ಇಲ್ಲ. ಅಷ್ಟು ನನಗೆ ಗೊತ್ತು. ಹೆಸರಿನ ಹಿಂದೆ ಇರುವುದನ್ನು ಹೇಳಿದೆ: "ಸುವರ್ಣ."

"ನಮ್ಮದು ಕುಂದರ್. ಅಡ್ಡಿಯಿಲ್ಲ. ಕೂತ್ಕೊಳ್ಳಿ."

ಬಾಗಿಲಿನ ಬೋರ್ಡಿನಲ್ಲಿ ಕರ್ಕೇರ ಎಂದಿತ್ತು. ಬರಿ ಕುಂದರ್ ಹೇಗೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಬೆಲ್ಲ ನೀರು ಬಂತು, ಹಿಂದೆಯೇ ಬಿಸಿ ಬನ್ಸ್ ಬಂತು.

ಹುಡುಗನ ಹೆಸರು ಭುಜಂಗ. ಐದನೇ ವರ್ಷಕ್ಕೆ ಹೋದವನು. ಆಗ ಇವರ ಮನೆ ಪಣಂಬೂರಿನ ಕಡಲ ಬದಿಯಲ್ಲಿತ್ತು. ಬಂದರಿಗೆ ಜಾಗ ಹೋದಾಗ ಎಲ್ಲರನ್ನೂ ಇಲ್ಲಿಗೆ ತಂದು ಹಾಕಿದರು. "ಅವನನ್ನು ಮಾತ್ರ ತರ್ಲಿಕ್ಕೆ ಆಗಲಿಲ್ಲ. ಅಲ್ಲೇ ತೆಂಗಿನ ಬುಡದಲ್ಲಿ ಉಳಿದ. ಈಗ ಅಲ್ಲಿ ಎಂತ ಉಂಟೋ!"

ಈಗ ಅಲ್ಲಿ ನನ್ನ ಆಫೀಸು ಉಂಟು ಎಂದು ನಾನು ಹೇಳಲಿಲ್ಲ.

ಜೂನ್ 15, ಭಾನುವಾರ

ಇವತ್ತು ಕಾಟಿಪಳ್ಳಕ್ಕೆ ಹೋಗುವ ಅಗತ್ಯ ಇರಲಿಲ್ಲ. ಮಾತು ಪಕ್ಕಾ ಮಾಡಿಕೊಂಡು ಬರುತ್ತೇನೆ ಎಂದು ಮುಕ್ತಾಳಿಗೆ ಹೇಳಿದೆ. ಹೋಗುವಾಗ ಮೀನು ಮಾರ್ಕೆಟ್ಟಿನಲ್ಲಿ ಬೊಳಂಜೀರ್ ಕೊಂಡೆ. ಭುಜಂಗನಿಗೆ ಅದು ಇಷ್ಟವಿತ್ತಂತೆ.

"ಹುಡುಗಿಗೆ ಎಂತ ಇಷ್ಟ?" ಎಂದು ಕೇಳಿದರು ರಾಜೀವಿ ಅಮ್ಮ. ಇದ್ದಳು ಎಂದಲ್ಲ, ಇದ್ದಾಳೆ ಎಂಬ ಹಾಗೆ.

ನನಗೆ ಹೇಗೆ ಗೊತ್ತಿರಬೇಕು? ಆದರೂ ಬಾಯಿ ಸುಮ್ಮನಿರಲಿಲ್ಲ. "ಬಸಳೆ ಪದಾರ್ಥ. ಬಸಳೆ ಮಾಡಿದ ದಿನ ಬೇರೆ ಯಾರಿಗೂ ಬಿಡುದಿಲ್ಲ ಅವಳು," ಎಂದೆ. ಅಮ್ಮ ನಕ್ಕರು. ಆ ನಗುವಿಗೆ ಇನ್ನೂ ಒಂದಿಷ್ಟು ಸೇರಿಸಿದೆ. ಸ್ವಲ್ಪ ಸಿಡುಕಿ. ಲೆಕ್ಕದಲ್ಲಿ ಚುರುಕು. ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟರೆ ಬೈಯುತ್ತಾಳೆ.

ಬಸ್ಸಿನಲ್ಲಿ ಬರುವಾಗ ಅವಳ ಬಗ್ಗೆಯೇ ಯೋಚಿಸುತ್ತಿದ್ದೆ. ಬದುಕಿದ್ದರೆ ಶಾಲೆಯ ಟೀಚರಾಗುತ್ತಿದ್ದಳು. ಅಪ್ಪನ ಜೊತೆ ನನಗೆ ಜಗಳವಾದಾಗ ನಡುವೆ ಬರುತ್ತಿದ್ದಳು. ಇಳಿಯಬೇಕಾದ ಸ್ಟಾಪ್ ದಾಟಿ ಹೋಯಿತು.

ಜೂನ್ 22, ಭಾನುವಾರ

ರಾಜೀವಿ ಅಮ್ಮ ನನ್ನನ್ನು 'ನೀನು' ಎನ್ನಲು ಶುರು ಮಾಡಿದ್ದಾರೆ. "ಬಾ ಮಗಾ, ನಿನ್ನ ಭಾವನ ಕಥೆ ಕೇಳು" ಎಂದವರು, ಭುಜಂಗ ತೆಂಗಿನ ಗರಿಯ ಮೇಲೆ ಕುಳಿತು ಎಳೆಸಿಕೊಂಡು ಹೋಗುತ್ತಿದ್ದದ್ದನ್ನು ಹೇಳಿದರು. ಐದು ವರ್ಷದ ಹುಡುಗ ನನಗೆ ಭಾವ! ಆದರೆ ಕೇಳುತ್ತ ಹೋದಂತೆ ಅವನು ಅರವತ್ತರ ಹತ್ತಿರದ ಗಂಡಸಾಗಿ, ನರೆತ ಮೀಸೆಯಲ್ಲಿ, ನನ್ನ ಎದುರು ಕುಳಿತು ಮೀನಿನ ಮುಳ್ಳು ತೆಗೆಯುತ್ತಿದ್ದ.

ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನನ್ನು ಕಾಯುತ್ತಿದ್ದಾರೆ. ಸೋಮವಾರ ಬಂದರೆ ಭಾನುವಾರಕ್ಕೆ ಎಷ್ಟು ದಿನ ಎಂದು ನೋಡುತ್ತೇನೆ. ನಗೆಕೂಟದಲ್ಲಿ ಸಿಗದ ನಗು ಸತ್ತವರ ಮನೆಯಲ್ಲಿ ಸಿಕ್ಕಿತು. ನಾಚಿಕೆಯ ವಿಷಯ, ಆದರೆ ನಿಜ.

ಶ್ರಾವಣಿ ಏನೋ ಮಾತಾಡಬೇಕು ಎಂದಳು. ಆಮೇಲೆ ಎಂದೆ. ಅಕ್ಕನ ಸೀರೆಗೆ ಬಣ್ಣ ಯಾವುದೆಂದು ಮುಕ್ತಾಳ ಜೊತೆ ಚರ್ಚೆ ನಡೆದಿತ್ತು.

ಜುಲೈ 6, ಭಾನುವಾರ

ನಿಶ್ಚಿತಾರ್ಥ. ವೀಳ್ಯದೆಲೆ ಅಡಿಕೆ ಬದಲಾಯಿಸಿದೆವು. ಇದೇ 27ಕ್ಕೆ, ಆಟಿಯಲ್ಲಿ, ಮದುವೆ. ಫ್ಲ್ಯಾಟಿನಲ್ಲಿ ಕುಲೆಗಳ ಕಾರ್ಯ ಎಂದರೆ ಕಮಿಟಿಯವರು ಸುಮ್ಮನಿರುವುದಿಲ್ಲ ಎಂದು ಮುಕ್ತಾ ಹೆದರಿದ್ದರಿಂದ ಕಾಟಿಪಳ್ಳದಲ್ಲೇ ಎಂದಾಯಿತು. ಬರುವಾಗ ಹಂಪನಕಟ್ಟೆಯಲ್ಲಿ ಇಳಿದು ಹಸಿರು ಬಳೆ ಕೊಂಡೆ. ಅಂಗಡಿಯವಳು ಅಳತೆ ಕೇಳಿದಳು. ನನ್ನ ಕೈ ತೋರಿಸಿದೆ. ಒಡಹುಟ್ಟಿದವರ ಕೈ ಒಂದೇ ರೀತಿ ಇರುತ್ತದಂತೆ.

ಜುಲೈ 13, ಭಾನುವಾರ

ಬೋಂದೆಲ್‌ನಲ್ಲಿರುವ ಮಾಮಿಗೆ, ಅಂದರೆ ಅಪ್ಪನ ಅಕ್ಕನಿಗೆ, ಮದುವೆಯ ಹೇಳಿಕೆ ಕೊಡಲು ಹೋದೆ. ನಮ್ಮ ಕಡೆಯಲ್ಲಿ ಹಿರಿಯರೆಂದು ಉಳಿದವರು ಅವರೊಬ್ಬರೇ. ಕಣ್ಣು ಮಂಜಾಗಿದೆ, ಆದರೂ ಸುಗಂಧಿಯ ಹೆಸರೆತ್ತಿದ ಕೂಡಲೇ ಕೈ ಹಿಡಿದುಕೊಂಡರು. "ಪಾಪ, ಹಾಲಿನಂಥ ಮಗು. ನಿನ್ನ ಅಮ್ಮ ಇದ್ದಿದ್ದರೆ! ಅವಳು ಕುಂದರ್ ಬರಿಯವಳು, ತವರಿನಲ್ಲಿ ದೊಡ್ಡ ತರವಾಡು ಮನೆ..."

"ಅಮ್ಮನದ್ದು ಅಲ್ಲ ಮಾಮಿ, ನಮ್ಮದು ಸುವರ್ಣ ಅಲ್ವಾ?"

"ಅದು ನಿನ್ನ ಅಪ್ಪನ ಬರಿ, ನನ್ನ ಬರಿ. ನಿಂಗೆ ಹೇಗೆ ಬರ್ತದೆ? ಬರಿ ಬರುದು ತಾಯಿಯಿಂದ. ಈಗಿನವರು ಶಾಲೆಯಲ್ಲಿ ಅಪ್ಪನದ್ದು ಬರೆಸಿ ಬರೆಸಿ ಎಲ್ಲ ಮರೆತಿರಿ. ನೀನು ಕುಂದರ್, ಸುಗಂಧಿ ಕುಂದರ್. ಹುಡುಗನ ಬರಿ ಯಾವುದು?"

ಹೊರಗೆ ಮಳೆ ಹೊಡೆಯುತ್ತಿತ್ತು. ಮಾಮಿಯ ಸೊಸೆ ಒಳಗೆ ಚಹಾ ಸೋಸುತ್ತಿದ್ದಳು.

"ಕರ್ಕೇರ," ಎಂದೆ.

"ಆಗ್ತದೆ," ಎಂದರು ಮಾಮಿ.

ಜುಲೈ 14, ಸೋಮವಾರ

ಸುಳ್ಳು ಹೇಳಿಲ್ಲ. ಬೋರ್ಡಿನಲ್ಲಿ ಕರ್ಕೇರ ಎಂದೇ ಇದೆ.

ಜುಲೈ 16, ಬುಧವಾರ

ಇದನ್ನು ಒಮ್ಮೆ ನೆಟ್ಟಗೆ ಯೋಚಿಸಬೇಕು. ಅಕ್ಕ ಕುಂದರ್, ಭುಜಂಗನೂ ತಾಯಿಯಿಂದ ಕುಂದರ್. ಬೋರ್ಡಿನ ಕರ್ಕೇರ ಅವನ ಅಪ್ಪನದ್ದು. ನಮ್ಮವರ ಲೆಕ್ಕದಲ್ಲಿ ಅವರು ಅಕ್ಕ ತಮ್ಮನೋ ಅಣ್ಣ ತಂಗಿಯೋ ಆಗಬೇಕು. ಆದರೆ ಕುಲೆಯೇ ಇಲ್ಲ ಎಂದ ಮೇಲೆ ಬರಿ ಎಲ್ಲಿಯದು? ಇಲ್ಲದವರಿಗೆ ಇಲ್ಲದ ಸಂಬಂಧ, ಅದರಲ್ಲಿ ಆಗದ ತಪ್ಪು. ನಾನು ಓದಿದವನು. ರಾಜೀವಿ ಅಮ್ಮನಿಗೆ ಹೇಳಿದರೆ ಎಂಬತ್ತು ದಾಟಿದ ಜೀವ ಎದೆ ಒಡೆದುಕೊಳ್ಳುತ್ತದೆ. ಇನ್ನೊಂದು ಹೆಣ್ಣು ಹುಡುಕುವಷ್ಟು ಕಾಲ ಅವರಿಗಿಲ್ಲ. ಹೇಳದಿರುವುದೇ ಧರ್ಮ.

ಹೀಗೆ ಬರೆದು ಇನ್ನೊಮ್ಮೆ ಓದಿದೆ. ಧರ್ಮದ ಮಾತೆಲ್ಲ ಬೊಗಳೆ. ಹೇಳಿದರೆ ಕಾಟಿಪಳ್ಳದ ಬಾಗಿಲು ಮುಚ್ಚುತ್ತದೆ, ನನಗೆ ಅದೇ ಭಯ.

ಜುಲೈ 20, ಭಾನುವಾರ

ಕಾಟಿಪಳ್ಳದಿಂದ ಬಂದಾಗ ಶ್ರಾವಣಿ ಕಾಯುತ್ತಿದ್ದಳು. ಈ ಸಲ ಆಮೇಲೆ ಎನ್ನಲು ಬಿಡಲಿಲ್ಲ.

"ಅಪ್ಪ, ಆ ಮೂರು ಹುಡುಗರಿಗೂ ಫೋನ್ ಮಾಡಿ ಬೇಡ ಹೇಳಿದ್ದು ನಾನೇ. ನಂಗೆ ಈಗ ಮದುವೆ ಬೇಡ. ಯಾವ ಕುಲೆಯೂ ಅಡ್ಡ ಬರಲಿಲ್ಲ. ನೀವು ಸುಮ್ನೆ ಇದೆಲ್ಲ ಮಾಡ್ತಾ ಇದ್ದೀರಿ."

"ಅಮ್ಮನಿಗೆ ಹೇಳಿದ್ದೀಯಾ?"

"ಇಲ್ಲ. ಮೊದಲು ನಿಮಗೆ ಹೇಳುವಾಂತ. ನೀವಾದ್ರೆ ಇದನ್ನೆಲ್ಲ ನಂಬುದಿಲ್ಲ ಅಲ್ವಾ."

"ಆಟಿ ಕಳೆಯುವವರೆಗೆ ಹೇಳಬೇಡ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿಮಗೆ ನನ್ನ ಮದುವೆ ಅಲ್ಲ, ಅವಳ ಮದುವೆ ಬೇಕು," ಎಂದು ಎದ್ದು ಹೋದಳು. ಸಿಡುಕು. ಥೇಟ್ ಅತ್ತೆ ಸುಗಂಧಿಯ ಹಾಗೆ.

ಜುಲೈ 25, ಶುಕ್ರವಾರ

ಮಾಮಿಗೆ ಫೋನ್ ಮಾಡಿ, ಜೋರು ಮಳೆ, ನೀವು ಬರುವುದು ಬೇಡ ಎಂದೆ. ಅವರು ಹೊರಡುವ ತಯಾರಿ ಮಾಡಿಯೇ ಬಿಟ್ಟಿದ್ದರಂತೆ. "ಕಾರು ಮಾಡಿ ಕರಕೊಂಡು ಹೋಗುದಿಲ್ವಾ ಮಗಾ?" ಎಂದರು. ಕಾರು ಸಿಗುವುದಿಲ್ಲ ಎಂದೆ.

ಜುಲೈ 27, ಭಾನುವಾರ

ಮದುವೆ ಆಯಿತು.

ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶಲ್ಯ, ಪೇಟ. ಇನ್ನೊಂದರ ಮೇಲೆ ಅಕ್ಕನ ಸೀರೆ, ರವಿಕೆ, ಹಸಿರು ಬಳೆ, ಮಲ್ಲಿಗೆ. ಮದುವೆಯಾಗದವರು ನೋಡಬಾರದೆಂದು ಶ್ರಾವಣಿಯನ್ನು ಕರೆತಂದಿರಲಿಲ್ಲ. ಹೆಣ್ಣು ಬಲಕ್ಕೋ ಎಡಕ್ಕೋ ಎಂದು ಹೆಂಗಸರಲ್ಲಿ ಸಣ್ಣ ಜಗಳವಾಯಿತು. ಯಾರೋ ತಮಾಷೆಗೆ "ಮದುಮಗ ತಡಮಾಡಿದ, ಬಂದರಿನಲ್ಲಿ ಹಡಗು ನೋಡ್ತಾ ನಿಂತಿದ್ದಾನೆ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಧಾರೆ ಎರೆಯುವಾಗ ಚೆಂಬಿನ ನೀರು ಸೀರೆಯ ಮಡಿಲಿಗೆ ಚೆಲ್ಲಿತು. ಈಗ ಹೇಳಬಹುದು, ಇನ್ನೂ ಹೇಳಬಹುದು ಎಂದು ಒಳಗಿನಿಂದ ಒಂದು ದನಿ. ರಾಜೀವಿ ಅಮ್ಮ ಭುಜಂಗನ ಖಾಲಿ ಶಲ್ಯ ಸರಿಪಡಿಸುತ್ತ, "ತಲೆ ಎತ್ತು ಮಗಾ, ನಾಚಿಕೆ ಎಂತಕ್ಕೆ" ಎನ್ನುತ್ತಿದ್ದರು. ಕರಿಮಣಿ ಹಾಕಿದರು. ಹೇಳಲಿಲ್ಲ.

ಊಟಕ್ಕೆ ಎರಡು ಎಲೆ ಮೊದಲು ಅವರಿಗೆ. ಅಕ್ಕನ ಎಲೆಗೆ ಬಸಳೆ ಬಡಿಸಿದ್ದರು. ನಾನು ಹುಟ್ಟಿಸಿ ಹೇಳಿದ ಬಸಳೆ. ಅದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ, ಎಲ್ಲರ ಎದುರಿಗೇ ಅತ್ತೆ. ಹೆಣ್ಣು ಕೊಟ್ಟವರು ಅಳುವುದೇ ಎಂದು ಹೆಂಗಸರು ಸಮಾಧಾನ ಹೇಳಿದರು. ನನ್ನ ಕೈಯಾರೆ ನನ್ನ ಅಕ್ಕನನ್ನು ಅವಳ ಒಡಹುಟ್ಟಿದವನ ಪಕ್ಕದಲ್ಲಿ ಕೂರಿಸಿ ಬಂದೆ.

ಆಗಸ್ಟ್ 10, ಭಾನುವಾರ

ಎರಡು ವಾರ ತಡೆದಿದ್ದೆ. ಇವತ್ತು ಬೊಳಂಜೀರ್ ಕೊಂಡು ಕಾಟಿಪಳ್ಳಕ್ಕೆ ಹೋದೆ. ರಾಜೀವಿ ಅಮ್ಮ ಮೊಮ್ಮಕ್ಕಳ ಜೊತೆ ಟೀವಿ ನೋಡುತ್ತಿದ್ದರು. ಮುಖ ತುಂಬಿಕೊಂಡಿದೆ. ಸೊಸೆ ಅತಿಥಿಗಳಿಗೆ ಇಟ್ಟ ಕಪ್ಪಿನಲ್ಲಿ ಚಹಾ ತಂದಳು. ಭುಜಂಗನ ಮಾತು ನಾನೇ ತೆಗೆದೆ. ಅಮ್ಮ ಮುಂದುವರಿಸಲಿಲ್ಲ.

ಹೊರಡುವಾಗ ಅಂಗಳದವರೆಗೆ ಬಂದರು.

"ಬೇಜಾರು ಮಾಡಬೇಡಿ ಆಯ್ತಾ. ನೀವು ಹೀಗೆ ಬರ್ತಾ ಇದ್ದರೆ ಹುಡುಗಿಗೆ ತವರಿನ ನೆನಪಾಗ್ತದೆ. ಹೊಸತರಲ್ಲಿ ತಮ್ಮನ ಸ್ವರ ಕೇಳಿದರೆ ಹೆಣ್ಣು ಗಂಡನ ಮನೆಗೆ ಹೊಂದಿಕೊಳ್ಳುದಿಲ್ಲ. ನನ್ನ ಮಗನೂ ಈಗ ಸುಖವಾಗಿದ್ದಾನೆ, ಕನಸಿಗೂ ಬರುದಿಲ್ಲ. ಇನ್ನು ನೀವು ಬರುದು ಬೇಡ."

ನೀವು. ಬರುವುದು ಬೇಡ.

ಕೊಟ್ಟ ಹೆಣ್ಣು ಕುಲದಿಂದ ಹೊರಗೆ ಎನ್ನುತ್ತಾರೆ. ಕೊಟ್ಟವನೂ ಹೊರಗೆ ಎಂದು ಯಾರೂ ಹೇಳಿರಲಿಲ್ಲ. ಈ ಬಾಗಿಲು ಮುಚ್ಚಬಾರದು ಎಂದೇ ಅಷ್ಟು ದೊಡ್ಡದನ್ನು ನುಂಗಿದೆ. ಬಾಗಿಲು ಹೇಗೂ ಮುಚ್ಚಿತು. ನುಂಗಿದ್ದು ಮಾತ್ರ ಒಳಗೇ ಉಳಿಯಿತು.

ಆಗಸ್ಟ್ 19, ಮಂಗಳವಾರ

ಗುಂಡಿ ಒತ್ತಿದೆ. ಕಿಟಕಿಯ ಹೊರಗೆ ಡಾಮರು, ಕ್ರೇನು, ಕಲ್ಲಿದ್ದಲಿನ ರಾಶಿ. ತೆಂಗಿನ ಮರ ಎಲ್ಲಿತ್ತೋ ಎಂದು ಹುಡುಕುತ್ತೇನೆ. ಭಾವ ಇಲ್ಲೇ ಎಲ್ಲೋ ಕೆಳಗಿದ್ದಾನೆ. ಅಕ್ಕನೂ ಈಗ ಇಲ್ಲೇ ಇರಬೇಕಲ್ಲ, ಗಂಡನ ಹತ್ತಿರ?

"ಎಂತ ಮಾರಾಯ, ಪುನಃ ಬೋರಾ?" ಎಂದ ಬೊನಿಫಾಸ್.

ಬೋರು ಅಲ್ಲ. ಬರೀ ಬೋರು ಆಗುತ್ತಿದ್ದ ದಿನಗಳು ಎಷ್ಟು ಸುಖದ ದಿನಗಳು!

ಸೆಪ್ಟೆಂಬರ್ 14, ಭಾನುವಾರ

ನಾಲ್ಕನೇ ಸಂಬಂಧ ಬಂತು, ಹೋಯಿತು. ಶ್ರಾವಣಿ ಈ ಸಲ ಅಮ್ಮನ ಎದುರಿಗೇ ಬೇಡ ಎಂದಳು. ನಾನು ಅವಳ ಪರವಾಗಿ ಒಂದು ಮಾತಾಡಬೇಕಿತ್ತು. ಯಾಕೋ ಆಡಲಿಲ್ಲ. ಅವಳು ಆಸ್ಪತ್ರೆಯ ಹಾಸ್ಟೆಲಿಗೆ ಹೋಗುತ್ತೇನೆಂದು ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ.

ಸೆಪ್ಟೆಂಬರ್ 17, ಬುಧವಾರ

ಮುಕ್ತಾ ಮತ್ತೆ ಜೋಯಿಸರಲ್ಲಿಗೆ ಹೋಗಿದ್ದಳು. ಬಂದವಳು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಳು. ಮುಖ ಬೆಳ್ಳಗಾಗಿತ್ತು.

"ನಿಮ್ಮ ಅಕ್ಕ ಗಂಡನ ಮನೆಯಲ್ಲಿ ನಿಲ್ಲಲಿಲ್ಲವಂತೆ. ಅಳ್ತಾ ತಿರುಗಿ ಬಂದಿದ್ದಾಳಂತೆ, ಒಳಗೆ ಬರ್ಲಿಕ್ಕೆ ಆಗದೆ ಹೊಸ್ತಿಲಲ್ಲಿ ನಿಂತಿದ್ದಾಳಂತೆ. ಮದುವೆಯಲ್ಲಿ ಎಂತದ್ದೋ ತಪ್ಪಾಗಿದೆ ಹೇಳಿದ್ರು. ಎಂತ ತಪ್ಪಾಯ್ತು? ನಿಮಗೆ ಎಂತಾದರೂ ಗೊತ್ತುಂಟಾ?"

"ಇಲ್ಲ," ಎಂದೆ.

ನಾನು ಇದನ್ನೆಲ್ಲ ನಂಬುವುದಿಲ್ಲ. ಮೇ ತಿಂಗಳಲ್ಲೂ ಹಾಗೆಯೇ ಬರೆದಿದ್ದೆ. ಶ್ರಾವಣಿ ಬೇಡ ಎಂದದ್ದಕ್ಕೆ ಶ್ರಾವಣಿಯೇ ಕಾರಣ, ಜೋಯಿಸರ ಬಾಯಿಗೆ ಬಂದದ್ದಕ್ಕೆ ಜೋಯಿಸರೇ ಕಾರಣ.

ಮುಕ್ತಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಒಂದು ತುಂಡು ಬೆಲ್ಲ ಮತ್ತು ಒಂದು ಚೆಂಬು ನೀರು ತಂದು ಹೊಸ್ತಿಲಿನ ಹೊರಗೆ ಇಟ್ಟೆ. ಅಲ್ಲಿ ಎಲ್ಲೆಂದರಲ್ಲಿ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಜೋಡಿಸಿ ಬದಿಗಿಟ್ಟೆ. ದೂರದಿಂದ ಬಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕು, ಯಾಕೆ ಬಂದಿರಿ ಎಂದು ಆಮೇಲೆ ಕೇಳಬೇಕು. ನಾನು ಕೇಳುವುದಿಲ್ಲ. ಅವಳು ಯಾಕೆ ಬಂದಳೆಂದು ನನಗೆ ಗೊತ್ತಿದೆ.